ನಾಯಿ ಹೋಯಿತು, ಮೇಕೆ ಉಳಿಯಿತು. ಚಿರತೆಗೆ ನಿಜವಾಗಿ ನಾಯಿಯೇ ಇಷ್ಟವಾ?

ತೋಟದಮನೆ:

ನಮಸ್ಕಾರ. ನಮ್ಮದು ತಿಪಟೂರು ಕಡೆ. ಹೋದ ತಿಂಗಳು ತೋಟದ ಮನೆಯಿಂದ ನಮ್ಮ ಕರಿಯನನ್ನು ಚಿರತೆ ಹೊತ್ತುಕೊಂಡು ಹೋಯಿತು. ಜಗಲಿ ಕಂಬಕ್ಕೆ ಕಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಸರಪಳಿ ಹಾಗೇ ಇದೆ, ತುದಿಯಲ್ಲಿ ಹರಿದ ಬೆಲ್ಟು. ತಿಪ್ಪೆಯ ಬೂದಿ ಮೇಲೆ ಎಳೆದ ಗುರುತು, ಪಕ್ಕದಲ್ಲಿ ನನ್ನ ಅಂಗೈ ಅಗಲದ ಹೆಜ್ಜೆ.

ಅರ್ಥವಾಗದ್ದು ಏನೆಂದರೆ, ಜಗಲಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲೇ ರೊಪ್ಪ ಇದೆ. ಒಳಗೆ 14 ಮೇಕೆ. ಒಂದನ್ನೂ ಮುಟ್ಟಿಲ್ಲ. ಹದಿನೈದು ದಿನ ಬಿಟ್ಟು ಪಕ್ಕದ ತೋಟದವರ ನಾಯಿಯೂ ಹೋಯಿತು. ಅವರಲ್ಲೂ ಕುರಿ ಇವೆ. "ಅದಕ್ಕೆ ನಾಯಿ ರುಚಿ ಹತ್ತಿದೆ ಕಣೋ, ಕುರಿ ಮೇಕೆ ಕಡೆ ತಿರುಗಿಯೂ ನೋಡಲ್ಲ" ಅಂತಾರೆ ನಮ್ಮ ದೊಡ್ಡಪ್ಪ. ಈಗ ಊರಲ್ಲಿ ಎಲ್ಲರೂ ರಾತ್ರಿ ನಾಯಿಗಳನ್ನು ಮನೆಯೊಳಗೆ ಕಟ್ಟೋಣ ಅಂತ ಮಾತಾಡಿಕೊಂಡಿದ್ದಾರೆ. ನಾಯಿ ಸಿಗದಿದ್ದರೆ ಅದು ಹೊರಟು ಹೋಗುತ್ತದಾ, ಇಲ್ಲ ಬೇರೆ ಯಾವುದಕ್ಕಾದರೂ ಬಾಯಿ ಹಾಕುತ್ತದಾ? ತಿಳಿದವರು ಹೇಳಿ.

ಹಳೇ ಟಾರ್ಚು:

ನಿಮ್ಮ ದೊಡ್ಡಪ್ಪ ಹೇಳಿದ್ದೇ ಸರಿ. ನಾಯಿ ಅಂದರೆ ಚಿರತೆಗೆ ಪಂಚಪ್ರಾಣ. ಸುಮ್ನೆ ಬೋನಿನಲ್ಲಿ ಒಂದು ನಾಯಿ ಕಟ್ಟಿಸಿ, ತಾನಾಗಿ ಬಂದು ಬೀಳುತ್ತದೆ.

ಹಿಕ್ಕೆ ಹೆಕ್ಕಿದವಳು:

ಹೆಸರು ನೋಡಿ ನಗಬೇಡಿ. ಓದು ಮುಗಿದ ಮೇಲೆ ಎರಡು ಬೇಸಿಗೆ ನಾನು ಮಾಡಿದ ಕೆಲಸವೇ ಅದು, ಚಿರತೆ ಹಿಕ್ಕೆ ಹುಡುಕಿ ಚೀಲಕ್ಕೆ ತುಂಬುವುದು. ಆಮೇಲೆ ಅದನ್ನು ಜರಡಿಯಲ್ಲಿಟ್ಟು ನಲ್ಲಿ ಕೆಳಗೆ ತೊಳೆಯಬೇಕು. ಕೊನೆಗೆ ಉಳಿಯುವುದು ಕೂದಲು, ಮೂಳೆ ಚೂರು, ಒಮ್ಮೊಮ್ಮೆ ಗೊರಸಿನ ತುಂಡು. ಕೂದಲನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಯಾವ ಪ್ರಾಣಿಯದು ಅಂತ ತಿಳಿಯುತ್ತದೆ. ಒಂದು ಸಲ ಕೆಂಪು ದಾರ ಸಿಕ್ಕಿತ್ತು, ಯಾರದೋ ಮನೆ ನಾಯಿಯ ಕೊರಳಿನದು. ಆವತ್ತು ನನಗೆ ಊಟ ಸೇರಲಿಲ್ಲ.

ರುಚಿಯ ಮಾತು ನಾನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಮಹಾರಾಷ್ಟ್ರದ ಅಕೋಲೆ ಅಂತ ಒಂದು ಕಡೆ ಇದೆ, ಕಬ್ಬಿನ ಗದ್ದೆಗಳ ಊರು. ವಿದ್ಯಾ ಅತ್ರೇಯ ಮತ್ತು ಜೊತೆಯವರು ಅಲ್ಲಿ ಹೀಗೇ ಹಿಕ್ಕೆ ತೊಳೆದು ನೋಡಿದರು. ಚಿರತೆ ತಿಂದದ್ದರಲ್ಲಿ, ತೂಕದ ಲೆಕ್ಕ ಹಾಕಿದರೆ, ನೂರಕ್ಕೆ 87 ಪಾಲು ಸಾಕುಪ್ರಾಣಿಗಳೇ. ನಾಯಿ ಒಂದೇ 39. ಮೇಕೆ ಬರೀ 11. ಆದರೆ ಅಲ್ಲಿ ನಾಯಿಗಿಂತ ಮೇಕೆ ಏಳು ಪಟ್ಟು ಜಾಸ್ತಿ ಇದ್ದವು! ದೊಡ್ಡಪ್ಪನೇ ಗೆದ್ದ ಹಾಗೆ ಕಾಣುತ್ತದೆ, ಅಲ್ವಾ?

ಅದೇ ಊರಲ್ಲಿ ರಾತ್ರಿ ಹನ್ನೊಂದಕ್ಕೆ ಎಣಿಸಲು ಹೋಗಿ. ಮೇಕೆಗಳೆಲ್ಲ ಒಳಗೆ, ಬಾಗಿಲು ಹಾಕಿದೆ. ನಾಯಿಗಳು ಕೋಳಿ ಅಂಗಡಿ ಹಿಂದೆ, ಬೀದಿಯಲ್ಲಿ, ಜಗಲಿ ಮೇಲೆ. ಚಿರತೆ ತಿರುಗಾಡುವ ಹೊತ್ತಿಗೆ ಅದರ ಪಾಲಿಗೆ ಮೇಕೆಗಳು ಊರಲ್ಲೇ ಇಲ್ಲ. ಇನ್ನು ನಿಮ್ಮ ಕರಿಯ ಪಾಪ, ಕಟ್ಟಿದ ನಾಯಿ. ಓಡುವಂತೆಯೂ ಇರಲಿಲ್ಲ.

ಕಾಡಿನಲ್ಲಿ ಇದೇ ಚಿರತೆಯ ಊಟ ಬೇರೆ. ಉಲ್ಲಾಸ ಕಾರಂತ ಮತ್ತು ಸನ್‌ಕ್ವಿಸ್ಟ್ ನಾಗರಹೊಳೆಯಲ್ಲಿ ಮಾಡಿದ ಕೆಲಸ 1995ರಲ್ಲಿ ಪ್ರಕಟವಾಯಿತು. ಅಲ್ಲಿ ಹುಲಿಯ ಬೇಟೆಯ ಸರಾಸರಿ ತೂಕ 91.5 ಕೆಜಿ, ಸೀಳುನಾಯಿಯದು 43.4, ಚಿರತೆಯದು 37.6. ಊರ ನಾಯಿ ಅದರ ಅರ್ಧ ತೂಗಿದರೆ ಹೆಚ್ಚು. ಜಿಂಕೆ ಇದ್ದರೆ ಒಂದೇ ಸಲಕ್ಕೆ ದೊಡ್ಡ ಊಟ. ನಿಮ್ಮ ಕುರುಚಲು ಗುಡ್ಡದಲ್ಲಿ ಜಿಂಕೆ ಎಲ್ಲಿಂದ ಬರಬೇಕು?

ಹಾಗಾಗಿ ನಾಯಿಗಳನ್ನು ಒಳಗೆ ಕಟ್ಟುವ ಮೊದಲು ರೊಪ್ಪ ಭದ್ರ ಮಾಡಿ. ಎರಡನ್ನೂ ಒಟ್ಟಿಗೆ ಮಾಡದಿದ್ದರೆ ಅದು ಮುಂದಿನ ಸುಲಭದ ಊಟಕ್ಕೆ ತಿರುಗುತ್ತದೆ. ಟಾರ್ಚಿನವರೇ, ಬೋನಿನಲ್ಲಿ ನಾಯಿ ಕಟ್ಟಿದರೆ ಬರುತ್ತದೆ, ನಿಜ. ಮೇಕೆ ಕಟ್ಟಿದರೂ ಬರುತ್ತದೆ.

ಗಪ್ಪಿ ತೊಟ್ಟಿ:

ಚಿರತೆ ನನಗೆ ಗೊತ್ತಿಲ್ಲ, ಮೀನು ಗೊತ್ತು. ಮರ್ಡಾಕ್ ಅನ್ನುವವರು ಜೊತೆಗಾರರೊಂದಿಗೆ ಗಪ್ಪಿ ಮೀನುಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿ 1975ರಲ್ಲಿ ಬರೆದರು. ನೀರಿನ ಮೇಲೆ ಹಣ್ಣುನೊಣ, ತಳದಲ್ಲಿ ಟ್ಯೂಬಿಫೆಕ್ಸ್ ಹುಳ. ಯಾವುದು ಜಾಸ್ತಿ ಇತ್ತೋ ಅದನ್ನು ಅದರ ಪಾಲಿಗಿಂತಲೂ ಹೆಚ್ಚಾಗಿ ತಿಂದವು. ಇನ್ನೊಂದು ಹೆಚ್ಚುತ್ತಿದ್ದಂತೆ ಅದಕ್ಕೆ ತಿರುಗಿದವು. ಮಜಾ ಏನೆಂದರೆ, ಎರಡನ್ನೂ ಸಮಸಮ ಹಾಕಿದಾಗ ಪ್ರತಿ ಮೀನೂ ಅರ್ಧರ್ಧ ತಿನ್ನಲಿಲ್ಲ. ಕೆಲವು ಮೇಲೆಯೇ ತಿಂದವು, ಕೆಲವು ತಳದಲ್ಲೇ. ನನ್ನ ತೊಟ್ಟಿಯಲ್ಲೂ ಒಂದು ಹೆಣ್ಣು ಗಪ್ಪಿ ಇದೆ, ತಳ ಬಿಟ್ಟು ಏಳುವುದಿಲ್ಲ. ದೊಡ್ಡಪ್ಪನಿಗೆ ಒಂದಿಷ್ಟು ಮಾರ್ಕ್ಸ್ ಕೊಡಬೇಕಾಗುತ್ತದೆ.

ಹಿಕ್ಕೆ ಹೆಕ್ಕಿದವಳು:

ಕೊಡೋಣ, ಅಭ್ಯಾಸದ ಲೆಕ್ಕಕ್ಕೆ. ಹಾಲೆಂಡಿನ ಪೈನ್ ಕಾಡಿನಲ್ಲಿ ಲ್ಯೂಕ್ ಟಿನ್‌ಬರ್ಗನ್ (ನೊಬೆಲ್ ಬಂದ ನಿಕೋ ಟಿನ್‌ಬರ್ಗನ್ ಅವರ ತಮ್ಮ) ಹಕ್ಕಿಗಳು ಮರಿಗೆ ಏನು ತಂದು ಕೊಡುತ್ತವೆ ಅಂತ ನೋಡುತ್ತಿದ್ದರು. ಗುಬ್ಬಿ ಗಾತ್ರದ ಹಕ್ಕಿ, ಗ್ರೇಟ್ ಟಿಟ್. ಹೊಸ ಜಾತಿಯ ಕಂಬಳಿಹುಳ ಮರದಲ್ಲಿ ಕಾಣಿಸಿಕೊಂಡರೂ ಮೊದಲ ಕೆಲವು ದಿನ ಅವು ಅದನ್ನು ತರುತ್ತಲೇ ಇರಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಅದನ್ನೇ ಜಾಸ್ತಿ ತರತೊಡಗಿದವು. ಅದನ್ನು ಗುರುತಿಸಲು ಕಣ್ಣು ಕಲಿತಿದೆ ಅಂತ ಅವರು ಹೇಳಿದರು. 1960ರಲ್ಲಿ, ಅವರು ತೀರಿಕೊಂಡ ಮೇಲೆ, ಅದು ಅಚ್ಚಾಯಿತು.

ತೋಟದಮನೆಯವರೇ, ನನಗಿರುವ ಹೆದರಿಕೆ ಅದೇ. ನಿಮ್ಮ ಚಿರತೆ ಇನ್ನೂ ರೊಪ್ಪದ ದಾರಿ ಕಲಿತಿಲ್ಲ. ಮೊದಲ ಮೇಕೆ ಸಿಗದ ಹಾಗೆ ನೋಡಿಕೊಳ್ಳಿ. ಮೇಲೂ ಮುಚ್ಚಬೇಕು, ಬರೀ ಬಾಗಿಲು ಸಾಲದು.

ತೋಟದಮನೆ:

ಈಗಷ್ಟೇ ರೊಪ್ಪ ನೋಡಿ ಬಂದೆ. ಬಾಗಿಲು ತಗಡಿನದು, ಗಟ್ಟಿ ಇದೆ. ಗೋಡೆ ಮಾತ್ರ ನನ್ನ ಎದೆಮಟ್ಟ, ಮೇಲೆ ಬರೀ ತೆಂಗಿನ ಗರಿ. ಇಷ್ಟು ದಿನ ಹೇಗೆ ಉಳಿದವೋ!

ನೀವೆಲ್ಲ ಬರೆದದ್ದನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಂದ್ರೆ ಕರಿಯ ಹೋಗಿದ್ದಕ್ಕೆ ಮೇಕೆ ಉಳೀತು ಅನ್ನು" ಅಂತ ಹೇಳಿ ಎದ್ದು ಹೋದರು. ನಾಳೆ ಜಾಲರಿ ತರಲು ಪೇಟೆಗೆ ಹೊರಟಿದ್ದೇನೆ. ಹೊಸ ಮರಿ ತರುವ ಮಾತು ಅದು ಕಟ್ಟಿ ಮುಗಿದ ಮೇಲೆ.