ಅಮ್ಮನ ಕೀಮೋಗೆ ಡಲ್ಲಾಸ್‌ನಿಂದ ಬೆಂಗಳೂರಿಗೆ ಹೋಗುವುದು ಸರೀನಾ?

ಪ್ಲೇನೋ_ಮಗಳು:
ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ ಹೇಳಿ. ಅಮ್ಮನಿಗೆ 66 ವರ್ಷ. ಹೋದ ವರ್ಷ ಗ್ರೀನ್ ಕಾರ್ಡ್ ಮೇಲೆ ನಮ್ಮ ಜೊತೆ ಇರಲು ಡಲ್ಲಾಸ್ ಪಕ್ಕದ ಪ್ಲೇನೋಗೆ ಬಂದರು. ಮೊನ್ನೆ ಹೊಟ್ಟೆನೋವು ಅಂತ ಎಮರ್ಜೆನ್ಸಿಗೆ ಕರೆದುಕೊಂಡು ಹೋದರೆ ಕರುಳು ಬ್ಲಾಕ್ ಆಗಿದೆ ಅಂದರು, ಅವತ್ತೇ ರಾತ್ರಿ ಆಪರೇಷನ್. ದೊಡ್ಡ ಕರುಳಿನ ಕ್ಯಾನ್ಸರ್, ಮೂರನೇ ಹಂತ. ಗೆಡ್ಡೆ ಪೂರ್ತಿ ತೆಗೆದಿದ್ದಾರೆ, ಆದರೆ ಕೀಮೋ ಬೇಕೇ ಬೇಕು ಅಂತಾರೆ.

ಅಮ್ಮನಿಗೆ ಇದ್ದದ್ದು ಒಂದು ತಾತ್ಕಾಲಿಕ ಪಾಲಿಸಿ, ಅವರು ಕೈ ಎತ್ತಿದ್ದಾರೆ. ಮೆಡಿಕೇರ್ (ವಯಸ್ಸಾದವರ ಸರ್ಕಾರಿ ವಿಮೆ) ಸಿಗಬೇಕಾದರೆ ಐದು ವರ್ಷ ಇಲ್ಲಿ ಇದ್ದಿರಬೇಕು. ಟೆಕ್ಸಾಸ್‌ನಲ್ಲಿ ಮೆಡಿಕೈಡ್ (ಕಡಿಮೆ ಆದಾಯದವರ ಸರ್ಕಾರಿ ವಿಮೆ) ಆಸೆಯೂ ಇಲ್ಲ. ಸರ್ಕಾರದ ವಿಮಾ ಮಾರ್ಕೆಟ್‌ಪ್ಲೇಸ್‌ನಲ್ಲಿ ಪಾಲಿಸಿ ತೆಗೆದುಕೊಳ್ಳೋಣ ಅಂದರೆ ಬಾಗಿಲು ತೆರೆಯುವುದು ನವೆಂಬರ್ 1ಕ್ಕೆ, ಈಗಿನ್ನೂ ಏಪ್ರಿಲ್. ಕೀಮೋ ಖರ್ಚಿನ ಅಂದಾಜು ಪಟ್ಟಿ ಕೊಟ್ಟರು, ನಮ್ಮವರು ಓದಿ ಮಡಚಿ ಜೇಬಿಗೆ ಹಾಕಿಕೊಂಡರು, ನನಗೆ ತೋರಿಸಲೇ ಇಲ್ಲ.

ತಮ್ಮ ಬೆಂಗಳೂರಿನಲ್ಲಿದ್ದಾನೆ, ಸ್ವಂತ ಮನೆ ಹಾಸನದಲ್ಲಿದೆ. ಅಮ್ಮನಿಗೂ ಊರಿಗೆ ಹೋಗುವ ಮನಸ್ಸು. ಕರೆದುಕೊಂಡು ಹೋಗಲಾ? ಯಾವ ಆಸ್ಪತ್ರೆ? ಗ್ರೀನ್ ಕಾರ್ಡ್ ಕಥೆ ಏನು?

ಫ್ರೀಮಾಂಟ್_ಭಾವ:
ಟಿಕೆಟ್ ಬುಕ್ ಮಾಡುವ ಮೊದಲು ಆಸ್ಪತ್ರೆಯ ಬಿಲ್ಲಿಂಗ್‌ನವರಿಗೆ ಒಂದು ಫೋನ್ ಮಾಡಿ. ಅದು ನಾನ್‌ಪ್ರಾಫಿಟ್ ಆಸ್ಪತ್ರೆಯಾಗಿದ್ದರೆ ಫೈನಾನ್ಷಿಯಲ್ ಅಸಿಸ್ಟೆನ್ಸ್ ನಿಯಮ ಲಿಖಿತವಾಗಿ ಇರಲೇಬೇಕು, ಅದು ಇಲ್ಲಿಯ ಕಾನೂನು. ಅರ್ಜಿ ಕೇಳಿ. ಆಪರೇಷನ್ ಬಿಲ್ ಕಡಿಮೆಯಾಗಬಹುದು, ಕೀಮೋಗೂ ಅನ್ವಯಿಸುತ್ತಾ ಅಂತ ಅದೇ ಉಸಿರಿನಲ್ಲಿ ಕೇಳಿ. ತುಂಬಾ ಜನ ನಾಚಿಕೆಯಿಂದ ಕೇಳುವುದೇ ಇಲ್ಲ.

ಗ್ರೀನ್ ಕಾರ್ಡ್: ಆರು ತಿಂಗಳೊಳಗೆ ವಾಪಸ್ ಬಂದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಅದು ದಾಟಿದರೆ ಏರ್‌ಪೋರ್ಟ್‌ನಲ್ಲಿ ಪ್ರಶ್ನೆ ಜಾಸ್ತಿ, ಸಿಟಿಜನ್‌ಶಿಪ್ ಲೆಕ್ಕಕ್ಕೂ ಪೆಟ್ಟು. ಒಂದು ವರ್ಷ ದಾಟುವ ಸಾಧ್ಯತೆ ಇದ್ದರೆ ರೀಎಂಟ್ರಿ ಪರ್ಮಿಟ್ (ವಾಪಸ್ ಬರಲು ಮೊದಲೇ ಪಡೆಯುವ ಅನುಮತಿ ಪತ್ರ) ಬೇಕು. ಅದರ ಅರ್ಜಿಯನ್ನು ಅಮ್ಮ ಅಮೆರಿಕದಲ್ಲಿ ಇರುವಾಗಲೇ ಹಾಕಬೇಕು, ಬೆಂಗಳೂರಿಗೆ ಹೋದ ಮೇಲೆ ಹಾಕೋಣ ಅಂದರೆ ಆಗುವುದಿಲ್ಲ. ವಕೀಲರನ್ನು ಒಮ್ಮೆ ಕೇಳಿಬಿಡಿ.

ನಿಮ್ಮಮ್ಮನಿಗೆ ಭಾರತದ ಪಾಸ್‌ಪೋರ್ಟ್ ಇರುವುದರಿಂದ ವೀಸಾ ತಲೆನೋವು ಇಲ್ಲ. ಒಸಿಐ (ವಿದೇಶಿ ಪೌರರಾದ ಭಾರತೀಯ ಮೂಲದವರಿಗೆ ಕೊಡುವ ಕಾರ್ಡ್) ಇದ್ದವರಿಗೂ ಇಲ್ಲ. ಬರೀ ವಿದೇಶಿ ಪಾಸ್‌ಪೋರ್ಟ್ ಇರುವವರು ಮೆಡಿಕಲ್ ವೀಸಾ ಮಾಡಿಸಬೇಕು. ಬೇರೆ ಯಾರಾದರೂ ಇದನ್ನು ಓದುತ್ತಿದ್ದರೆ ಇರಲಿ ಅಂತ ಬರೆದೆ.

ಡೇಕೇರ್_ಅಕ್ಕ:
ನಾನು ಬೆಂಗಳೂರಿನಲ್ಲಿ ಕೀಮೋ ಡೇಕೇರ್‌ನಲ್ಲಿ ನರ್ಸ್. ಎಲ್ಲರೂ ಮೊದಲು ಆಸ್ಪತ್ರೆ ಹೆಸರು ಕೇಳುತ್ತಾರೆ. ನೀವು ಮೊದಲು ಕೇಳಬೇಕಾದದ್ದು ಅಲ್ಲಿಯ ಡಾಕ್ಟರನ್ನು: ಯಾವ ಕೀಮೋ, ಮೂರು ತಿಂಗಳೋ ಆರು ತಿಂಗಳೋ? ನಿಮ್ಮ ಮಿಕ್ಕ ಪ್ರಶ್ನೆಗಳೆಲ್ಲ ಇದರ ಮೇಲೇ ನಿಂತಿವೆ.

ಈ ಕಾಯಿಲೆಗೆ ಸಾಮಾನ್ಯವಾಗಿ ಎರಡು ದಾರಿ. ಒಂದು ಫೋಲ್‌ಫಾಕ್ಸ್, ಎರಡು ವಾರಕ್ಕೊಮ್ಮೆ, ಒಂದು ಔಷಧಿ ಪಂಪ್‌ನಲ್ಲಿ ಸುಮಾರು ಎರಡು ದಿನ ಹೋಗುತ್ತಾ ಇರುತ್ತದೆ, ಅದಕ್ಕೆ ಎದೆಯ ಹತ್ತಿರ ಚರ್ಮದ ಕೆಳಗೆ ಪೋರ್ಟ್ (ಔಷಧಿ ಹಾಕುವ ಪುಟ್ಟ ಡಬ್ಬಿ) ಬೇಕಾಗುತ್ತದೆ. ಇನ್ನೊಂದು ಕೇಪಾಕ್ಸ್: ಮೂರು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಡ್ರಿಪ್, ಆಮೇಲೆ 14 ದಿನ ಮನೆಯಲ್ಲೇ ಕೆಪೆಸಿಟಾಬಿನ್ ಮಾತ್ರೆ, ಒಂದು ವಾರ ಬಿಡುವು. 2018ರಲ್ಲಿ ಬಂದ ಐಡಿಯಾ ಅಧ್ಯಯನದ ನಂತರ, ಮೂರನೇ ಹಂತದಲ್ಲೂ ಕಡಿಮೆ ಅಪಾಯದ ಗುಂಪಿನವರಿಗೆ, ಅಂದರೆ ಗೆಡ್ಡೆ (ಕರುಳಿನ ಗೋಡೆಯಲ್ಲಿ ಎಷ್ಟು ಆಳ ಹೋಗಿದೆ ಅನ್ನುವ ಲೆಕ್ಕ) ಟಿ3 ಒಳಗೆ, ದುಗ್ಧಗ್ರಂಥಿಯ ಗಂಟು (ಎಷ್ಟಕ್ಕೆ ಹರಡಿದೆ ಅನ್ನುವ ಲೆಕ್ಕ) ಎನ್1 ಇದ್ದವರಿಗೆ, ಮೂರು ತಿಂಗಳ ಕೇಪಾಕ್ಸ್ ಸಾಕು ಅಂತ ತುಂಬಾ ಡಾಕ್ಟರು ಹೇಳುತ್ತಾರೆ. ನಾಲ್ಕೇ ಸೈಕಲ್. ನಿಮ್ಮಮ್ಮ ಆ ಗುಂಪಿನವರಾದರೆ ಇಲ್ಲಿಗೆ ಬಂದು ಮುಗಿಸಿಕೊಂಡು ಆರು ತಿಂಗಳೊಳಗೆ ವಾಪಸ್ ಹೋಗಬಹುದು. ಆರು ತಿಂಗಳ ಕೀಮೋ ಆದರೆ ಮಧ್ಯೆ ರಕ್ತದ ಕೌಂಟ್ ಇಳಿದು ಒಂದೆರಡು ವಾರ ಮುಂದೆ ಹೋಗುವುದು ಮಾಮೂಲು, ಭಾವ ಹೇಳಿದ ಗೆರೆ ದಾಟಿಯೇ ದಾಟುತ್ತೀರಿ.

ಇನ್ನೊಂದು ಮಾತು, ಎಂಎಂಆರ್ ಟೆಸ್ಟ್ (ಗೆಡ್ಡೆಯ ಜೀವಕೋಶ ಡಿಎನ್‌ಎ ತಪ್ಪು ಸರಿಪಡಿಸಿಕೊಳ್ಳುತ್ತದಾ ಅಂತ ನೋಡುವುದು) ಆಗಿದೆಯಾ ಕೇಳಿ. ಅದರ ಫಲಿತಾಂಶ ನೋಡಿ ಚಿಕಿತ್ಸೆಯೇ ಬದಲಾಗಬಹುದು. ಮತ್ತೆ ತಡ ಮಾಡಬೇಡಿ, ಆಪರೇಷನ್ ಆಗಿ ಎಂಟು ವಾರದೊಳಗೆ ಕೀಮೋ ಶುರುವಾಗಬೇಕು ಅಂತ ನೋಡುತ್ತೇವೆ.

ದುಡ್ಡಿನ ವಿಷಯ. ಆಕ್ಸಾಲಿಪ್ಲಾಟಿನ್, ಕೆಪೆಸಿಟಾಬಿನ್ ಎರಡೂ ಹಳೆಯವು, ಜೆನೆರಿಕ್ ಸಿಗುತ್ತವೆ, ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಇರುವುದರಿಂದ ಬೆಲೆಗೆ ಸರ್ಕಾರದ ಮಿತಿ ಇದೆ. ಖಾಸಗಿ ಆಸ್ಪತ್ರೆಯಲ್ಲಿ ಬಿಲ್ ಏರಿಸುವುದು ಔಷಧಿಗಿಂತ ಬೆಡ್, ಸ್ಕ್ಯಾನ್, ನಡುವೆ ಅಡ್ಮಿಟ್ ಆಗುವುದು. ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಸರ್ಕಾರದ್ದು, ಖರ್ಚು ಕಡಿಮೆ, ಆದರೆ ರಾಜ್ಯದ ಎಲ್ಲ ಕಡೆಯಿಂದ ಜನ ಬರುತ್ತಾರೆ, ಬೆಳಗ್ಗೆಯೇ ಬಂದು ಕಾಯಲು ಜೊತೆಗೊಬ್ಬರು ಬೇಕು.

ಕಾಡುಮಲ್ಲಿಗೆ:
ನಮ್ಮ ಚಿಕ್ಕಪ್ಪನಿಗೆ ಮಲೆನಾಡಿನ ಕಡೆ ನಾಟಿ ಔಷಧಿ ಕೊಡಿಸಿದ್ದೆವು. ಖರ್ಚೂ ಕಡಿಮೆ, ಅಡ್ಡಪರಿಣಾಮವೂ ಇಲ್ಲ. ಅಮೆರಿಕದಿಂದ ಬಂದು ಮತ್ತೆ ಅದೇ ಕೀಮೋ ಯಾಕೆ?

ಡೇಕೇರ್_ಅಕ್ಕ:
@ಕಾಡುಮಲ್ಲಿಗೆ, ಗೆಡ್ಡೆ ಪೂರ್ತಿ ತೆಗೆದಿದ್ದಾರೆ, ಈಗ ಕೀಮೋ ಕೊಡುವುದು ಅದು ವಾಪಸ್ ಬರದೇ ಇರಲಿ ಅಂತ. ಈ ಅವಕಾಶ ಎರಡನೇ ಸಲ ಸಿಗುವುದಿಲ್ಲ ಕಣ್ರೀ. ಕೀಮೋ ಜೊತೆಗೆ ಕಷಾಯ ಗಿಷಾಯ ಕುಡಿದು ಲಿವರ್ ಕೆಡಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಏನೇ ಕೊಟ್ಟರೂ ಡಾಕ್ಟರಿಗೆ ಹೇಳಿಯೇ ಕೊಡಬೇಕು.

ಮಂಡ್ಯ_ಟು_ಮಸ್ಕತ್:
ನಾವು ಇದನ್ನೇ ಮಾಡಿದೆವು, ಮಸ್ಕತ್‌ನಿಂದ ಬೆಂಗಳೂರಿಗೆ, ನನ್ನವರಿಗೆ. ಕಾಗದಪತ್ರದ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನಮಗೆ ಪೆಟ್ಟು ಬಿದ್ದದ್ದು ಅಲ್ಲೇ. ಸ್ಕ್ಯಾನ್ ಸಿಡಿ ತಂದಿದ್ದೆವು, ಇಲ್ಲಿ ಒಂದು ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಅದು ತೆರೆಯಲಿಲ್ಲ, ಸೀದಾ ಇನ್ನೊಂದು ಪೆಟ್‌ಸ್ಕ್ಯಾನ್ ಬರೆದುಕೊಟ್ಟರು. ಸಿಡಿ ಜೊತೆಗೆ ಪೆನ್‌ಡ್ರೈವ್‌ನಲ್ಲೂ ಹಾಕಿಸಿಕೊಳ್ಳಿ, ಒಮ್ಮೆ ಮನೆಯಲ್ಲಿ ತೆರೆದು ನೋಡಿ. ಬಯಾಪ್ಸಿ ರಿಪೋರ್ಟ್ ಒಂದೇ ಸಾಲದು, ಗೆಡ್ಡೆಯ ತುಣುಕು ಇಟ್ಟಿರುವ ಮೇಣದ ಬ್ಲಾಕ್ ಮತ್ತು ಸ್ಲೈಡ್ ಕೇಳಿ ಪಡೆಯಿರಿ. ಇಲ್ಲಿಯ ಡಾಕ್ಟರು ತಮ್ಮ ಪೆಥಾಲಜಿಯವರಿಗೆ ತೋರಿಸದೆ ಮುಂದೆ ಹೋಗುವುದಿಲ್ಲ. ಚೆಕ್‌ಇನ್ ಲಗೇಜಿಗೆ ಹಾಕಬೇಡಿ. ನಾನು ಬ್ಲಾಕ್‌ಗಳನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಕನ್ನಡಕದ ಡಬ್ಬಿಯೊಳಗೆ ಇಟ್ಟು ವ್ಯಾನಿಟಿ ಬ್ಯಾಗಿನಲ್ಲೇ ತಂದೆ, ಸೆಕ್ಯುರಿಟಿಯವನು ತೆಗೆದು ಮೂಸಿ ನೋಡಿದ!

ಹಾಸನದಲ್ಲಿ ಇದ್ದುಕೊಂಡು ಬೆಂಗಳೂರಿಗೆ ಬಂದು ಹೋಗುತ್ತೇವೆ ಅಂದುಕೊಂಡಿದ್ದರೆ ಅದು ಬೇಡ ಅನ್ನುತ್ತೇನೆ. ಡ್ರಿಪ್ ದಿನ ಹೇಗೋ ಆಗುತ್ತದೆ. ಕಷ್ಟ ಇರುವುದು ಆಮೇಲೆ. ಒಂದೆರಡು ವಾರದಲ್ಲಿ ಕೌಂಟ್ ಇಳಿದಿರುವಾಗ ರಾತ್ರಿ ಜ್ವರ ಬಂದರೆ, 100.4 ದಾಟಿದರೆ, ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಆಗ ನಡುರಾತ್ರಿ ಹಾಸನದಿಂದ ಕಾರು ಹೊರಡಿಸುತ್ತೀರಾ? ಇಲ್ಲಾ ಹಾಸನದಲ್ಲೇ ಅಂಥ ಹೊತ್ತಿಗೆ ಯಾರು ನೋಡುತ್ತಾರೆ ಅಂತ ಮೊದಲೇ ಮಾತಾಡಿ ಇಟ್ಟುಕೊಂಡಿರಬೇಕು. ತಮ್ಮ ಕೆಲಸಕ್ಕೆ ಹೋಗುವವನು, ಅಮ್ಮ ಹಗಲೆಲ್ಲ ಒಬ್ಬರೇ ಇರುತ್ತಾರಾ? ನೀವು ಎಷ್ಟು ದಿನ ರಜೆ ಹಾಕುತ್ತೀರಿ? ಖರ್ಚಿನ ಪಟ್ಟಿಯಲ್ಲಿ ಇದನ್ನೂ ಬರೆಯಿರಿ.

ಇಲ್ಲಿ ಹೊಸ ಹೆಲ್ತ್ ಪಾಲಿಸಿ ಮಾಡಿಸುವ ಯೋಚನೆ ಇದ್ದರೆ ಬಿಡಿ. ಈಗಾಗಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು, ಕ್ಯಾನ್ಸರ್ ಅಂದರೆ ಪಾಲಿಸಿ ಕೊಡುವುದೇ ಕಷ್ಟ.

ಪ್ಲೇನೋ_ಮಗಳು:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಡಾಕ್ಟರ್ ಹತ್ತಿರ ಕೇಳಿದೆ. ಟಿ3 ಎನ್1, ಎಂಎಂಆರ್ ನಾರ್ಮಲ್. ನಾಲ್ಕು ಸೈಕಲ್ ಕೇಪಾಕ್ಸ್ ಸಾಕು, ಎಲ್ಲಿ ತೆಗೆದುಕೊಂಡರೂ ಸರಿ ಅಂದರು, ಪ್ಲ್ಯಾನ್ ಬರೆದೂ ಕೊಟ್ಟರು. ಅಸಿಸ್ಟೆನ್ಸ್ ಅರ್ಜಿ ಹಾಕಿದ್ದೇವೆ, ಆಪರೇಷನ್ ಬಿಲ್‌ಗೆ ಅದು. ಕೀಮೋಗೆ ಅಷ್ಟು ದಿನ ಕಾಯುವ ಧೈರ್ಯ ಇಲ್ಲ. ಬೆಂಗಳೂರಿನಲ್ಲೇ ಇರುವುದು ಅಂತಾಯಿತು, ದೊಡ್ಡಮ್ಮ ಹಾಸನದಿಂದ ಬಂದು ಜೊತೆಗಿರುತ್ತಾರೆ. ವಿಮಾನದ ಬಗ್ಗೆ ಏನಾದರೂ? ಮನೆಯಲ್ಲಿ ಏನು ನೋಡಿಕೊಳ್ಳಬೇಕು?

ಡೇಕೇರ್_ಅಕ್ಕ:
ಒಳ್ಳೆಯದಾಯಿತು. ಕ್ಯಾನ್ಸರ್, ಹೊಸ ಆಪರೇಷನ್, ಉದ್ದ ಪ್ರಯಾಣ, ಮೂರೂ ಸೇರಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ. ಇಂಜೆಕ್ಷನ್ ಬೇಕಾ ಅಂತ ಸರ್ಜನ್‌ಗೆ ಕೇಳಿ, ಹಾರಬಹುದು ಅಂತ ಪತ್ರವನ್ನೂ ತೆಗೆದುಕೊಳ್ಳಿ. ಓಡಾಡಲು ಸುಲಭವಾಗುವ ಸೀಟು, ವೀಲ್‌ಚೇರ್ ಮೊದಲೇ ಹೇಳಿಡಿ. ಕೆಪೆಸಿಟಾಬಿನ್ ಕೆಲವರ ಮೈಗೆ ಅರಗುವುದಿಲ್ಲ, ಅದಕ್ಕೆ ಡಿಪಿವೈಡಿ ಅಂತ ರಕ್ತದ ಟೆಸ್ಟ್ ಇದೆ, ಶುರು ಮಾಡುವ ಮೊದಲು ಕೇಳಿ.

ದೊಡ್ಡಮ್ಮನಿಗೆ ಹೇಳಿ, ಡ್ರಿಪ್ ಆದ ಕೆಲವು ದಿನ ಅಮ್ಮನಿಗೆ ತಣ್ಣನೆಯದು ಯಾವುದೂ ಆಗುವುದಿಲ್ಲ. ಫ್ರಿಜ್‌ನಿಂದ ಮೊಸರು ಪಾತ್ರೆ ತೆಗೆದರೂ ಬೆರಳು ಕರೆಂಟ್ ಹೊಡೆದ ಹಾಗೆ ಜುಮ್ಮೆನ್ನುತ್ತದೆ, ತಣ್ಣೀರು ಕುಡಿದರೆ ಗಂಟಲು ಹಿಡಿದಂತಾಗುತ್ತದೆ. ಬಿಸಿನೀರೇ ಕೊಡಲಿ. ಮಾತ್ರೆ ಊಟವಾದ ಅರ್ಧ ಗಂಟೆಯೊಳಗೆ, ಬೆಳಗ್ಗೆ ಮತ್ತು ರಾತ್ರಿ. ಏಕಾದಶಿ ಉಪವಾಸ ಈ ಮೂರು ತಿಂಗಳು ಬೇಡ. ಭೇದಿ ಜಾಸ್ತಿಯಾದರೆ, ಅಂಗಾಲು ಕೆಂಪಾಗಿ ಸಿಪ್ಪೆ ಏಳಲು ಶುರುವಾದರೆ ಅವತ್ತೇ ಫೋನ್ ಮಾಡಿ. ಸಹಿಸಿಕೊಂಡು ಮಾತ್ರೆ ಮುಂದುವರಿಸುವುದು ನಮ್ಮ ಹೆಂಗಸರಿಗೆ ಅಭ್ಯಾಸ, ಅದಕ್ಕೇ ಹೇಳಿದೆ.

ಪ್ಲೇನೋ_ಮಗಳು:
ಏಕಾದಶಿ ವಿಷಯ ನೀವೇ ಹೇಳಿದ್ದು ಒಳ್ಳೆಯದಾಯಿತು ಅಕ್ಕ, ನಾನು ಹೇಳಿದ್ದರೆ ಕೇಳುತ್ತಲೇ ಇರಲಿಲ್ಲ. ಸ್ಕ್ರೀನ್‌ಶಾಟ್ ಅಮ್ಮನಿಗೆ ಕಳಿಸಿದ್ದೇನೆ. ನಾಳೆ ಸ್ಲೈಡ್ ತರಲು ಹೋಗುತ್ತೇನೆ.