ಹಳೇ ಮನೆಯ ಮತ್ತಿ ಮರದ ತೊಲೆ ಮಾರಲೋ, ಇಟ್ಟುಕೊಳ್ಳಲೋ?

ಬೆಟ್ಟದಮನೆ, ಶಿರಸಿ:
ಅಜ್ಜ ಕಟ್ಟಿಸಿದ ಮನೆಯನ್ನು ದೀಪಾವಳಿ ಕಳೆದ ಮೇಲೆ ಬಿಚ್ಚುವವರಿದ್ದೇವೆ. ಹೊಸ ಮನೆಗೆ ಸಿಮೆಂಟಿನ ಸ್ಲ್ಯಾಬ್ ಬೇಡ, ಮರದ ಮಾಡು, ಮೇಲೆ ಹಂಚು, ಪರಿಸರಕ್ಕೂ ಅದೇ ಒಳ್ಳೆಯದು ಎಂಬುದು ನನ್ನ ಹಟ. ತಮ್ಮನದು ತಕರಾರು: "1983ರಲ್ಲಿ ಸಾಲ್ಕಣಿ ಊರಿನವರು ಕಾಡು ಕಡಿಯುವುದನ್ನು ತಡೆಯಲು ಮರ ಅಪ್ಪಿಕೊಂಡರು. ನೀನು ಮರ ಕಡಿದು ಪರಿಸರ ಉಳಿಸುತ್ತೀಯಾ?" ಹಿತ್ತಲಲ್ಲಿ ಎರಡು ಮುದಿ ಹಲಸಿನ ಮರಗಳಿವೆ. ಹಳೇ ತೊಲೆ ಕೇಳಿಕೊಂಡು ವ್ಯಾಪಾರಿ ಎರಡು ಸಲ ಬಂದು ಹೋದ. ತಮ್ಮನಿಗೆ ಏನು ಹೇಳಲಿ?

ಕುಮಟೆಯ ಬಡಗಿ:
ಮೊದಲು ವ್ಯಾಪಾರಿಯನ್ನು ಸಾಗಹಾಕಿ ಮಾರಾಯರೇ! ಹಳೇ ಮತ್ತಿಗೆ ಉಳಿ ಇಟ್ಟರೆ ಉಳಿಯೇ ಮೊಂಡಾಗುತ್ತದೆ. ಗೋಡೆಯೊಳಗಿದ್ದ ತುದಿಯನ್ನು ಸುತ್ತಿಗೆಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದಷ್ಟನ್ನು ಕತ್ತರಿಸಿ ಬಿಸಾಡಿ, ಉಳಿದದ್ದರಲ್ಲಿ ಮಾಡಿನ ಇಳಿಜಾರಿಗೆ ಹಾಕುವ ಪಕಾಸು ಸೀಳಿಸಿ. ಹಲಸು ಬಾಗಿಲಿಗಾಗಲಿ. ಆದರೆ ಹಲಗೆಗಳ ನಡುವೆ ರೀಪು (ತೆಳು ಪಟ್ಟಿ) ಕೊಟ್ಟು ಪೇರಿಸಿ, ನೆರಳಲ್ಲಿ ವರ್ಷವಾದರೂ ಒಣಗಿಸಬೇಕು. ಅವಸರ ಮಾಡಿ ಹಸಿ ಮರದಲ್ಲಿ ಬಾಗಿಲು ಮಾಡಿಸಿಕೊಂಡವರೊಬ್ಬರು, ಅದು ಸೊಟ್ಟಗಾದಾಗ ಬೈದದ್ದು ನನ್ನನ್ನೇ.

ಕಾರವಾರದ ಎಂಜಿನಿಯರಮ್ಮ:
ತಮ್ಮನಿಗೆ ಸಾಲ್ಕಣಿಯ ಆ ಅಪ್ಪಿಕೋ ಚಳವಳಿಯವರ ಮಾತನ್ನೇ ನೆನಪಿಸಿ: ಉಳಿಸು, ಬೆಳೆಸು, ಬಳಸು. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ.

ಒಣ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಒಂದು ಘನ ಅಡಿ ಹಲಸು 17 ಕಿಲೋ ತೂಗಿದರೆ, ಅದು ಗಾಳಿಯಿಂದ ಹೀರಿದ ಇಂಗಾಲದ ಡೈಆಕ್ಸೈಡ್ ಸುಮಾರು 30 ಕಿಲೋ. ಸುಡುವ ತನಕ, ಕೊಳೆಯುವ ತನಕ ಆ ಇಂಗಾಲ ನಿಮ್ಮ ಮನೆಯಲ್ಲೇ ಇರುತ್ತದೆ. ಸಿಮೆಂಟಿನದು ತಿರುಗಾಮುರುಗಾ: ಸುಣ್ಣಕಲ್ಲು ಸುಡುವಾಗ ಕಲ್ಲಿನೊಳಗಿನ ಅನಿಲವೇ ಹೊರಬೀಳುತ್ತದೆ, ಉರುವಲಿನ ಹೊಗೆ ಅದರ ಮೇಲೆ.

ಆದರೆ ಮರ ಎಲ್ಲಿಂದ ಬಂತು ಎನ್ನುವುದೇ ಮುಖ್ಯ. ಕಡಿದಲ್ಲಿ ಮತ್ತೆ ಮರ ಏಳದಿದ್ದರೆ ಈ ಲೆಕ್ಕವೆಲ್ಲ ಸುಳ್ಳು. ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡಿನ) ಮರಕ್ಕಂತೂ ಕೈ ಹಾಕಬೇಡಿ. ಮರ ಸಾಲದೆ ಬಂದರೆ ಅರಣ್ಯ ಇಲಾಖೆಯ ಡಿಪೋ ಹರಾಜಿನಲ್ಲಿ ನೆಡುತೋಪಿನ ತೇಗವೋ ಅಕೇಶಿಯಾವೋ ನೋಡಿ, ರಸೀದಿ ಜೋಪಾನ. ಹಲಸು ಕಡಿಯುವ ಮುಂಚೆಯೂ ಅರಣ್ಯ ಕಚೇರಿಯಲ್ಲಿ ಒಂದು ಮಾತು ಕೇಳಿ.

ಬೆಟ್ಟದಮನೆ, ಶಿರಸಿ:
ವ್ಯಾಪಾರಿಗೆ ಇಲ್ಲ ಎಂದೆ. ತಮ್ಮ ಈಗ 'ಬೆಳೆಸು' ಹಿಡಿದು ಕೂತಿದ್ದಾನೆ, ಸಸಿ ಎಷ್ಟು ನೆಡುತ್ತೀಯ ಎಂದು. ಒಂದು ಹಲಸಿನ ಪೊಟರೆಯಲ್ಲಿ ಗಿಳಿ ಗೂಡು ಇದೆ, ಅದನ್ನು ಮುಟ್ಟಬೇಡಿ ಎನ್ನುತ್ತಾಳೆ ಅಮ್ಮ.

ಕುಮಟೆಯ ಬಡಗಿ:
ಅಮ್ಮನ ಮಾತು ಕೇಳಿ. ಪೊಟರೆ ಬಿದ್ದ ಮರದಲ್ಲಿ ಹಲಗೆ ಹೇಗೂ ಸಿಗುವುದಿಲ್ಲ.