ಕುತ್ತಿಗೆ ತಿರುಗಿಸಿ ನೋಡಿದಾಗ ತಲೆಸುತ್ತು ಬರದಿದ್ದರೆ ರಕ್ತನಾಳ ಸರಿಯಿದೆ ಎನ್ನಬಹುದೇ?

ಪ್ರಶ್ನೆ:
42 ವರ್ಷದ ರೋಗಿ. ಐದು ದಿನದಿಂದ ಬಲಗಡೆ ಕುತ್ತಿಗೆ ನೋವು, ಅದೇ ಬದಿಯ ಹಿಂದಲೆಯಲ್ಲಿ ತಲೆನೋವು. ಕತ್ತನ್ನು ಹಿಂದಕ್ಕೆ ಬಾಗಿಸಿ, ತಿರುಗಿಸಿ 10 ಸೆಕೆಂಡ್ ಹಿಡಿದಾಗ ತಲೆಸುತ್ತು ಬರಲಿಲ್ಲ, ಕಣ್ಣುಗುಡ್ಡೆ ಅದುರಲಿಲ್ಲ. ಮ್ಯಾನಿಪ್ಯುಲೇಷನ್ (ಕೈಯಿಂದ ಕತ್ತಿನ ಕೀಲನ್ನು ಥಟ್ಟನೆ ಸರಿಸುವ ಚಿಕಿತ್ಸೆ) ಮಾಡಬಹುದೇ?

ಉತ್ತರ 1:
ದಯವಿಟ್ಟು ಬೇಡ. ಆ ಭಂಗಿಯಲ್ಲಿ ಒಂದು ವರ್ಟಿಬ್ರಲ್ ಅಪಧಮನಿಯ (ಕುತ್ತಿಗೆಯ ಹಿಂಬದಿಯಿಂದ ಮಿದುಳಿಗೆ ರಕ್ತ ಒಯ್ಯುವ ನಾಳ) ಹರಿವು ತಗ್ಗಿದರೂ ಇನ್ನೊಂದು ಬದಿಯದು ಅದನ್ನು ಸರಿದೂಗಿಸುತ್ತದೆ. ಹಾಗಾಗಿ ನಾಳದ ಒಳಪದರ ಸೀಳಿದ್ದರೂ (ಡಿಸೆಕ್ಷನ್) ಪರೀಕ್ಷೆ ನೆಗೆಟಿವ್ ಬರಬಹುದು. ಕೈಚಿಕಿತ್ಸೆ ಮಾಡುವ ಫಿಸಿಯೋಥೆರಪಿಸ್ಟರ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಫ್‌ಒಎಂಪಿಟಿಯ 2020ರ ಮಾರ್ಗಸೂಚಿ ಈ ಪರೀಕ್ಷೆಯನ್ನು ಕೈಬಿಟ್ಟಿದೆ.

ಮೊದಲು ಕೇಳಬೇಕಾದದ್ದು: ಇಂಥ ನೋವು ಹಿಂದೆಂದಾದರೂ ಬಂದಿತ್ತೇ? "ಇದು ಬೇರೆ ಥರ" ಎಂದರೆ ಅಲ್ಲೇ ನಿಲ್ಲಿ. ಇತ್ತೀಚೆಗೆ ಕುತ್ತಿಗೆಗೆ ಸಣ್ಣ ಪೆಟ್ಟು, ಉಳುಕು, ಸೋಂಕು? ಮೈಗ್ರೇನ್ ಇದೆಯೇ? ಡಿಸೆಕ್ಷನ್‌ನಲ್ಲಿ ಎಷ್ಟೋ ಸಲ ನೋವೊಂದೇ ಮೊದಲು ಬರುತ್ತದೆ, ಪಾರ್ಶ್ವವಾಯುವಿನ ಲಕ್ಷಣ ಗಂಟೆಗಳೋ ದಿನಗಳೋ ಕಳೆದ ಮೇಲೆ. ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ ಇಲ್ಲದ ಮಾತ್ರಕ್ಕೆ ನಿರಾಳವಾಗಬೇಡಿ. ಅವು ನಾಳದಲ್ಲಿ ಕೊಬ್ಬು ಕಟ್ಟುವ ಕಾಯಿಲೆಯ ಅಪಾಯಗಳು, ನಡುವಯಸ್ಸಿನವರ ಡಿಸೆಕ್ಷನ್‌ಗೆ ಅವು ಇರಲೇಬೇಕೆಂದಿಲ್ಲ.

ಉತ್ತರ 2:
ರೋಗಿಯನ್ನು 5 ನಿಮಿಷ ಕೂರಿಸಿ ಬಿಪಿ ನೋಡಿ. ಇದನ್ನು ಬಿಡುವವರೇ ಹೆಚ್ಚು. ನಂತರ ಕಪಾಲ ನರಗಳು (ಮಿದುಳಿನಿಂದ ನೇರವಾಗಿ ಹೊರಡುವ ನರಗಳು): ನಾಲಿಗೆ ಒಂದು ಬದಿಗೆ ವಾಲುತ್ತದೆಯೇ, ದನಿ ಬದಲಾಗಿದೆಯೇ, ನುಂಗಲು ಕಷ್ಟವೇ, ಎರಡೆರಡು ಕಾಣುತ್ತದೆಯೇ. ಕೆರೋಟಿಡ್ (ಕುತ್ತಿಗೆಯ ಮುಂಬದಿಯ ದೊಡ್ಡ ಅಪಧಮನಿ) ಸೀಳಿದ್ದರೆ ಅದೇ ಬದಿಯ ರೆಪ್ಪೆ ಸ್ವಲ್ಪ ಜೋತು, ಪಾಪೆ ಕಿರಿದಾಗಬಹುದು (ಇದಕ್ಕೆ ಹಾರ್ನರ್ ಸಿಂಡ್ರೋಮ್ ಎನ್ನುತ್ತಾರೆ). ಪಾಪೆಯನ್ನು ಮಂದ ಬೆಳಕಿನಲ್ಲಿ ಹೋಲಿಸಿ. ಕಿರಿದಾದದ್ದು ಹಿಗ್ಗದ ಕಾರಣ ವ್ಯತ್ಯಾಸ ಆಗಲೇ ಎದ್ದು ಕಾಣುತ್ತದೆ. ಪ್ರಖರ ಬೆಳಕಿನ ಕೋಣೆಯಲ್ಲಿ ಇದು ತಪ್ಪಿಹೋಗುತ್ತದೆ. ಕಿವಿಯಲ್ಲಿ ನಾಡಿ ಬಡಿದಂತೆ ಸದ್ದು ಬರುತ್ತದೆಯೇ ಎಂದೂ ಕೇಳಿ. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಗೆರೆಯ ಮೇಲೆ ನಡೆಸಿ, ಓಲಾಡಿದರೆ ವರ್ಟಿಬ್ರಲ್ ಕಡೆ ಗಮನ ಕೊಡಿ.

ಪ್ರಶ್ನೆ ಕೇಳಿದವರು:
ಇದೆಲ್ಲ ಸರಿಯಿದ್ದರೆ ಡಾಪ್ಲರ್ (ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್) ಮಾಡಿಸಿ ಮುಂದುವರಿಯಬಹುದೇ?

ಉತ್ತರ 1:
ಡಾಪ್ಲರ್ ಒಂದನ್ನೇ ನಂಬಬೇಡಿ. ವರ್ಟಿಬ್ರಲ್ ಕಶೇರುಕಗಳ ರಂಧ್ರಗಳೊಳಗೆ ಸಾಗುತ್ತದೆ, ಕೆರೋಟಿಡ್‌ನ ಮೇಲ್ಭಾಗ ತಲೆಬುರುಡೆಯ ಬುಡದಲ್ಲಿದೆ. ಎರಡೂ ಕಡೆ ಅಲ್ಟ್ರಾಸೌಂಡ್‌ಗೆ ಸರಿಯಾಗಿ ಸಿಗುವುದಿಲ್ಲ. ಸಿಟಿ ಆಂಜಿಯೋ ಅಥವಾ ಎಂಆರ್ ಆಂಜಿಯೋ (ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್) ಬೇಕು. ಎಂಆರ್ ಆದರೆ ಕೊಬ್ಬಿನ ಸಂಕೇತ ತಗ್ಗಿಸಿದ ಟಿ1 (ಎಂಆರ್ ಚಿತ್ರದ ಒಂದು ಬಗೆ) ಅಡ್ಡ ಚಿತ್ರವನ್ನೂ ಕೇಳಿ, ನಾಳದ ಗೋಡೆಯೊಳಗಿನ ರಕ್ತ ಅದರಲ್ಲಿ ಕಾಣುತ್ತದೆ.

ನಿಮ್ಮ ರೋಗಿಯದು ಹೊಸ ನೋವಾಗಿದ್ದರೆ, ಉಳಿದದ್ದೆಲ್ಲ ಸರಿಯಿದ್ದರೂ ಮ್ಯಾನಿಪ್ಯುಲೇಷನ್, ಟ್ರಾಕ್ಷನ್ (ಕುತ್ತಿಗೆಯನ್ನು ಎಳೆದು ಹಿಡಿಯುವುದು) ಎರಡೂ ನಿಲ್ಲಿಸಿ ಅಂದೇ ವೈದ್ಯರಿಗೆ ತೋರಿಸಿ. ನರದ ಲಕ್ಷಣ ಒಂದೇ ಒಂದು ಕಂಡರೂ ಆಂಬ್ಯುಲೆನ್ಸ್ ಕರೆಸಿ. ಲಕ್ಷಣ ಶುರುವಾದ ಗಳಿಗೆಯನ್ನು ಪತ್ರದಲ್ಲಿ ಬರೆಯಿರಿ: ಹೆಪ್ಪು ಕರಗಿಸುವ ಔಷಧದ ಸಾಮಾನ್ಯ ಗಡುವಾದ 4.5 ಗಂಟೆಯನ್ನು ಅಲ್ಲಿಂದಲೇ ಎಣಿಸುತ್ತಾರೆ.